ಕಲ್ಲು ಹೊಲದಲ್ಲಿ ಸಾಲು ತಪ್ಪಿದಾಗ: ಬಿತ್ತನೆ ಕೂರಿಗೆಯ ದೋಷ ಪತ್ತೆ ಮತ್ತು ಪರಿಹಾರ

ನಾಗಮಂಗಲ, ಕೃಷ್ಣರಾಜಪೇಟೆ, ಮಳವಳ್ಳಿಯ ಮಳೆಯಾಶ್ರಿತ ಕೆಂಪು ಹೊಲಗಳಲ್ಲಿ ಬಿತ್ತನೆ ಮುಗಿದ ವಾರದಲ್ಲೇ ತಕರಾರು ಏಳುತ್ತದೆ. ಪೈರು ಅಲ್ಲಲ್ಲಿ ಬಂದಿದೆ, ಅಲ್ಲಲ್ಲಿ ಇಲ್ಲ. ರೈತ ಬೀಜವನ್ನು ದೂರುತ್ತಾನೆ, ಬೀಜ ಕೊಟ್ಟವರು ಕೂರಿಗೆಯನ್ನು ದೂರುತ್ತಾರೆ, ಟ್ರ್ಯಾಕ್ಟರ್ ಚಾಲಕ ಹೊಲದ ಕಲ್ಲನ್ನು ತೋರಿಸುತ್ತಾನೆ. ಮೂವರಲ್ಲಿ ಯಾರ ಮಾತು ನಿಜ ಎಂಬುದು ಖಾಲಿ ಬಿದ್ದ ಜಾಗದ ಆಕಾರದಲ್ಲೇ ಬರೆದಿರುತ್ತದೆ. ರಾಗಿ ನಾಲ್ಕೈದು ದಿನಕ್ಕೆ, ಮುಸುಕಿನ ಜೋಳ ಐದರಿಂದ ಏಳು ದಿನಕ್ಕೆ ನೆಲದ ಮೇಲೆ ಕಾಣುತ್ತದೆ. ಆದ್ದರಿಂದ ಬಿತ್ತಿದ ಎಂಟನೆಯ ದಿನದಿಂದ ಹನ್ನೆರಡನೆಯ ದಿನದೊಳಗೆ ಹೊಲ ನೋಡಬೇಕು. ಕಳೆ ಎದ್ದು, ಎಡೆಕುಂಟೆ ಹೊಡೆದ ಮೇಲೆ ಆ ಬರಹ ಅಳಿಸಿಹೋಗುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುವವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಇದು ಎತ್ತರದ ಹೊಲದವರ ಕಷ್ಟ: ನಾಗಮಂಗಲದ ರಾಗಿ, ಪಿರಿಯಾಪಟ್ಟಣ ಮತ್ತು ಹುಣಸೂರಿನ ಮುಸುಕಿನ ಜೋಳ, ಅವುಗಳ ನಡುವಿನ ಅವರೆ, ಹುರುಳಿ, ಅಲಸಂದೆ ಬೆಳೆಯುವವರದು.

ಮೊದಲು ಖಾಲಿ ಜಾಗದ ಆಕಾರ ನೋಡಿ

ಹೊಲದ ಮೂಲೆಯಲ್ಲಿ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಸಾಲಿಗೆ ಅಡ್ಡಲಾಗಿ ನಡೆಯಿರಿ, ಸಾಲುಗಳನ್ನು ಎಣಿಸುತ್ತಾ ಹೋಗಿ. ಕೈಯಲ್ಲಿ ಕುಡುಗೋಲೋ ಚಿಕ್ಕ ಗುದ್ದಲಿಯೋ ಇರಲಿ.

ಒಂದು ಸಾಲು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಕಾಣೆಯಾಗಿದ್ದರೆ ಅದು ಬೀಜದ ತಪ್ಪಲ್ಲ, ಕಲ್ಲಿನ ತಪ್ಪೂ ಅಲ್ಲ. ಕೂರಿಗೆಯ ಆ ಒಂದು ತಾಳಿಗೆ, ಅಂದರೆ ನೆಲ ಸೀಳಿ ಬೀಜ ಬಿಡುವ ಕಾಲಿಗೆ, ಬೀಜ ಇಳಿದಿಲ್ಲ. ಯಾವ ತಾಳು ಎಂಬುದನ್ನೂ ಹೊಲದಲ್ಲೇ ಗುರುತಿಸಬಹುದು. ಏಳು ಸಾಲಿನ ಕೂರಿಗೆಯಲ್ಲಿ ಎಡದಿಂದ ಎರಡನೆಯ ತಾಳು ಕಟ್ಟಿಕೊಂಡಿದೆ ಎಂದುಕೊಳ್ಳಿ. ಹೋಗುವಾಗ ಅದು ಎರಡನೆಯ ಸಾಲು. ತಿರುಗಿ ಬರುವಾಗ ಎಡ ಬಲ ಅದಲು ಬದಲಾಗುವುದರಿಂದ ಅದು ಹದಿಮೂರನೆಯ ಸಾಲಾಗುತ್ತದೆ, ಮತ್ತೆ ಹೋಗುವಾಗ ಹದಿನಾರನೆಯದು. ಹೀಗಾಗಿ ಖಾಲಿ ಸಾಲುಗಳು ಜೋಡಿ ಜೋಡಿಯಾಗಿ ಬರುತ್ತವೆ: ಎರಡು ಖಾಲಿ ಸಾಲುಗಳ ನಡುವೆ ಒಮ್ಮೆ ಹತ್ತು ಸಾಲು ಪೈರು, ಮತ್ತೊಮ್ಮೆ ಎರಡೇ ಸಾಲು ಪೈರು. ಖಾಲಿ ಸಾಲು ಪ್ರತಿ ಏಳಕ್ಕೊಂದು ಸಮನಾಗಿ ಬಂದಿದ್ದರೆ ನಡುವಿನ ತಾಳು ಕೆಟ್ಟಿದೆ. ಇಂಥ ಲೆಕ್ಕ ಸಿಕ್ಕಿದ ಮೇಲೆ ಬೀಜದ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ.

ಎಲ್ಲ ಸಾಲುಗಳೂ ಒಂದೇ ಜಾಗದಲ್ಲಿ, ಕೂರಿಗೆಯ ಅಗಲದಷ್ಟು ಪಟ್ಟಿಯಾಗಿ ಖಾಲಿ ಬಿದ್ದಿದ್ದರೆ ಆ ಕ್ಷಣದಲ್ಲಿ ಬೀಜದ ಪೆಟ್ಟಿಗೆಯಿಂದ ನಳಿಕೆಗಳಿಗೆ ಬೀಜ ಬಿಡುವ ರೋಲರ್ ತಿರುಗಿಲ್ಲ. ಪಟ್ಟಿ ಒಂದೆರಡು ಮೀಟರ್ ಮಾತ್ರ ಇದ್ದು ಮತ್ತೆ ಪೈರು ಶುರುವಾಗಿದ್ದರೆ, ನೆಲದ ಮೇಲೆ ಉರುಳುತ್ತಾ ಆ ರೋಲರನ್ನು ತಿರುಗಿಸುವ ನೆಲಚಕ್ರ ಎಲ್ಲೋ ಕಲ್ಲಿನ ಮೇಲೆ ಹತ್ತಿ ಗಾಳಿಯಲ್ಲಿ ನಿಂತಿದೆ, ಇಲ್ಲವೇ ಕೂರಿಗೆಯೇ ಮೇಲೆದ್ದಿದೆ. ಪಟ್ಟಿ ಸಾಲಿನ ಕೊನೆಯವರೆಗೂ ಹೋಗಿದ್ದರೆ ಚೈನ್ ಕಳಚಿದೆ, ಪಿನ್ನು ಮುರಿದಿದೆ, ಅಥವಾ ಪೆಟ್ಟಿಗೆ ಬರಿದಾಗಿದೆ. ಪ್ರತಿ ಸಾಲಿನ ಶುರುವಿನಲ್ಲೇ ಮೀಟರ್ ಎರಡು ಮೀಟರ್ ಖಾಲಿ ಇದ್ದರೆ ಚಾಲಕ ಕೂರಿಗೆಯನ್ನು ತಡವಾಗಿ ಇಳಿಸಿದ್ದಾನೆ; ಬೀಜ ಪೆಟ್ಟಿಗೆಯಿಂದ ಮಣ್ಣಿಗೆ ತಲುಪಲು ಸ್ವಲ್ಪ ಹೊತ್ತು ಬೇಕು.

ಒಂದೇ ಸಾಲಿನಲ್ಲಿ ಗೇಣುದ್ದ, ಮೊಳದುದ್ದ ಅಲ್ಲೊಂದು ಇಲ್ಲೊಂದು ಖಾಲಿ, ಅಕ್ಕಪಕ್ಕದ ಸಾಲುಗಳಿಗೆ ಸಂಬಂಧವಿಲ್ಲ ಎಂದಾದರೆ ಕಲ್ಲನ್ನು ಶಂಕಿಸಬೇಕು. ಶಂಕಿಸಿ ಸುಮ್ಮನಾಗಬಾರದು, ಅಗೆದು ನೋಡಬೇಕು.

ಅಗೆದಾಗ ಸಿಗುವುದು

ಖಾಲಿ ಜಾಗದಲ್ಲಿ ಸಾಲಿನ ಗುಂಟ ಒಂದು ಮೊಳದಷ್ಟು ಮಣ್ಣನ್ನು ಮೆಲ್ಲಗೆ ಸರಿಸಿ. ಬೀಜ ಮಣ್ಣಿನ ಮೇಲೆಯೇ ಅಥವಾ ಕಲ್ಲಿನ ಮೇಲೆಯೇ ಬಿದ್ದು ಒಣಗಿದ್ದರೆ ತಾಳು ಕಲ್ಲಿಗೆ ತಾಗಿ ಎಗರಿದೆ. ಬೀಜವೇ ಇಲ್ಲದಿದ್ದರೆ ರೋಲರ್ ಅಥವಾ ನಳಿಕೆಯ ದೋಷ. ಬರೀ ಸಿಪ್ಪೆ ಸಿಕ್ಕಿದರೆ ಇರುವೆ, ಇಲಿ, ಹಕ್ಕಿಗಳ ಕೆಲಸ. ಆದಿಚುಂಚನಗಿರಿಯ ಸುತ್ತಲಿನ ಹೊಲದವರಿಗೆ ನವಿಲು ಸಾಲು ಹಿಡಿದು ಕೆದಕುವ ಪರಿ ಗೊತ್ತಿದೆ. ಬೀಜ ಮೊಳೆತು ಮೊಳಕೆ ಮಣ್ಣಿನೊಳಗೇ ಸುರುಳಿ ಸುತ್ತಿಕೊಂಡಿದ್ದರೆ ಎರಡರಲ್ಲಿ ಒಂದು: ಬೀಜ ಆಳಕ್ಕೆ ಬಿದ್ದಿದೆ, ಇಲ್ಲವೇ ಮೇಲ್ಮಣ್ಣು ಹೆಪ್ಪುಗಟ್ಟಿದೆ. ರಾಗಿಗೆ ಎರಡು ಮೂರು ಸೆಂಟಿಮೀಟರ್ ಆಳ ಸಾಕು, ಐದು ದಾಟಿದರೆ ಆ ಸಣ್ಣ ಕಾಳಿಗೆ ಮೇಲೆ ಬರುವ ಕಸುವಿರುವುದಿಲ್ಲ. ಮುಸುಕಿನ ಜೋಳ ನಾಲ್ಕೈದು ಸೆಂಟಿಮೀಟರ್ ಆಳದಿಂದ ಸಲೀಸಾಗಿ ಏಳುತ್ತದೆ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣು ಜೋರು ಮಳೆಯಾದ ಮರುದಿನ ಬಿಸಿಲು ಬಿದ್ದರೆ ಹಪ್ಪಳದಂತೆ ಗಟ್ಟಿಯಾಗುತ್ತದೆ. ಅದು ಕೂರಿಗೆಯ ದೋಷವಲ್ಲ. ಮುಳ್ಳಿನ ಕೊಂಬೆಯನ್ನು ಹಗುರವಾಗಿ ಎಳೆಸಿದರೆ ಒಡೆಯುತ್ತದೆ.

ಮೊಳಕೆಯ ತುದಿ ಕಂದಾಗಿ ಸುಟ್ಟಂತಿದ್ದರೆ ಗೊಬ್ಬರ ಬೀಜಕ್ಕೆ ತಾಗಿದೆ. ಗೊಬ್ಬರದ ನಳಿಕೆಯ ಬಾಯಿ ಬೀಜದ ನಳಿಕೆಗಿಂತ ಸುಮಾರು ಐದು ಸೆಂಟಿಮೀಟರ್ ಪಕ್ಕಕ್ಕೆ ಮತ್ತು ಕೆಳಕ್ಕೆ ಇರಬೇಕು. ಕಲ್ಲಿಗೆ ತಾಗಿ ಬಾಗಿದ ತಾಳಿನಲ್ಲಿ ಈ ಅಂತರ ಮುಚ್ಚಿಹೋಗುವುದು ಸಾಮಾನ್ಯ. ತಾಳು ಬಾಗಿದ್ದು ಕಣ್ಣಿಗೆ ಕಾಣದಿದ್ದರೂ ಪೈರು ಅದನ್ನು ಹೇಳುತ್ತದೆ.

ಎಲ್ಲ ಸಾಲೂ ಒಟ್ಟಿಗೆ ತಪ್ಪುವುದಕ್ಕೆ ಕಾರಣ

ಇಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಿದೆ. ಕಲ್ಲು ಹೊಲದಲ್ಲಿ ಅತಿ ಹೆಚ್ಚು ನಷ್ಟ ಮಾಡುವ ದೋಷ ಇದೇ, ಆದರೆ ಬಹಳ ಮಂದಿ ಇದನ್ನು ಕಲ್ಲಿನ ತಲೆಗೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ.

ಟ್ರ್ಯಾಕ್ಟರಿನ ಹೈಡ್ರಾಲಿಕ್‌ಗೆ ಎರಡು ಬಗೆಯ ಹಿಡಿತವಿದೆ. ಒಂದು, ಉಪಕರಣವನ್ನು ನೀವು ಇಟ್ಟ ಎತ್ತರದಲ್ಲೇ ಹಿಡಿದಿಡುವ ಪೊಸಿಷನ್ ಕಂಟ್ರೋಲ್. ಇನ್ನೊಂದು, ಎಳೆತದ ಭಾರ ಹೆಚ್ಚಾದ ಕೂಡಲೇ ಉಪಕರಣವನ್ನು ತಾನೇ ಮೇಲೆತ್ತುವ ಡ್ರಾಫ್ಟ್ ಕಂಟ್ರೋಲ್. ಉಳುಮೆಗೆ ಎರಡನೆಯದು ಒಳ್ಳೆಯದು, ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಎಂಜಿನ್ ಉಸಿರುಗಟ್ಟುವುದಿಲ್ಲ. ಬೆಳಗ್ಗೆ ಉಳುಮೆ ಮಾಡಿದ ಟ್ರ್ಯಾಕ್ಟರಿಗೆ ಮಧ್ಯಾಹ್ನ ಕೂರಿಗೆ ಕಟ್ಟಿ, ಲಿವರ್ ಬದಲಿಸದೆ ಹೊಲಕ್ಕಿಳಿದರೆ ಏನಾಗುತ್ತದೆ ನೋಡಿ: ಒಂದು ತಾಳು ಕಲ್ಲಿಗೆ ತಾಗುತ್ತದೆ, ಎಳೆತ ಹೆಚ್ಚುತ್ತದೆ, ಹೈಡ್ರಾಲಿಕ್ ಇಡೀ ಕೂರಿಗೆಯನ್ನು ಎತ್ತುತ್ತದೆ, ನೆಲಚಕ್ರ ನೆಲ ಬಿಡುತ್ತದೆ, ಏಳೂ ಸಾಲಿನ ಬೀಜ ನಿಲ್ಲುತ್ತದೆ. ಒಂದು ಕಲ್ಲಿಗೆ ಒಂದು ಗೇಣು ಹೋಗಬೇಕಾದಲ್ಲಿ ಏಳು ಸಾಲಿನ ಒಂದೆರಡು ಮೀಟರ್ ಹೋಗುತ್ತದೆ. ಬಿತ್ತನೆಗೆ ಪೊಸಿಷನ್ ಕಂಟ್ರೋಲ್‌ನಲ್ಲಿ ಇಡಬೇಕು. ಕೂರಿಗೆ ತನ್ನದೇ ಚಕ್ರಗಳ ಮೇಲೆ ಕೂರುವಂಥದ್ದಾದರೆ ಲಿವರನ್ನು ಪೂರ್ತಿ ಕೆಳಗೆ ಬಿಟ್ಟು ನೆಲದ ಏರಿಳಿತಕ್ಕೆ ತಾನೇ ಹೊಂದಿಕೊಳ್ಳಲು ಬಿಡಬೇಕು. ಬಾಡಿಗೆ ಕೂರಿಗೆ ತರಿಸಿದಾಗ ಚಾಲಕರಿಗೆ ಇದೊಂದನ್ನು ಮೊದಲು ಕೇಳಿ.

ಎರಡನೆಯದು ಟಾಪ್ ಲಿಂಕ್, ಅಂದರೆ ಕೂರಿಗೆಯ ಮೇಲ್ತುದಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ, ಉದ್ದ ಬದಲಿಸಬಹುದಾದ ಸರಳು. ಅದು ಗಿಡ್ಡವಾದರೆ ಕೂರಿಗೆ ಮುಂದಕ್ಕೆ ಬಗ್ಗುತ್ತದೆ. ನೆಲಚಕ್ರ ಹಿಂದಿರುವ ಕೂರಿಗೆಯಲ್ಲಿ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಉರುಳುವುದಕ್ಕಿಂತ ಜಾರುವುದೇ ಹೆಚ್ಚಾಗುತ್ತದೆ. ಚಕ್ರ ಮುಂದಿರುವ ಕೂರಿಗೆಯಲ್ಲಿ ಲಿಂಕ್ ಉದ್ದವಾದರೆ ಇದೇ ತೊಂದರೆ. ಚಕ್ರ ಜಾರುತ್ತಿದೆಯೇ ಎಂದು ತಿಳಿಯಲು ಅದರ ಒಂದು ಕಡ್ಡಿಗೆ ಬಟ್ಟೆ ಕಟ್ಟಿ, ಹೊಲದಲ್ಲೇ ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ಚಕ್ರದ ವ್ಯಾಸ 40 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ 1.26 ಮೀಟರ್, ಹತ್ತು ಸುತ್ತಿಗೆ ಹನ್ನೆರಡೂವರೆ ಮೀಟರ್ ಬರಬೇಕು. ಹದಿನಾಲ್ಕು ಮೀಟರ್ ಬಂದಿದ್ದರೆ ಹತ್ತರಲ್ಲಿ ಒಂದು ಪಾಲು ಜಾರಿದೆ, ಬೀಜವೂ ಅಷ್ಟೇ ಕಡಿಮೆ ಬಿದ್ದಿದೆ. ಚಕ್ರದ ಹಲ್ಲಿಗೆ ಮೆತ್ತಿದ ಮಣ್ಣನ್ನು ಕೆರೆಯಿರಿ, ಭಾರ ಹಾಕಿ, ಚೈನಿಗೆ ಎಣ್ಣೆ ಬಿಡಿ.

ಮೂರನೆಯದು ವೇಗ. ಕಲ್ಲಿರುವ ಹೊಲದಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ದಾಟಬಾರದು. ಇಪ್ಪತ್ತು ಮೀಟರ್ ಅಳೆದು ಎರಡು ಕಡ್ಡಿ ನೆಡಿ. ಟ್ರ್ಯಾಕ್ಟರ್ ಅದನ್ನು ದಾಟಲು ಹದಿನೆಂಟು ಸೆಕೆಂಡ್ ತೆಗೆದುಕೊಳ್ಳಬೇಕು. ಹನ್ನೆರಡು ಸೆಕೆಂಡಿಗೆ ದಾಟಿದರೆ ಅದು ಗಂಟೆಗೆ ಆರು ಕಿಲೋಮೀಟರ್ ಓಡುತ್ತಿದೆ, ಆ ವೇಗದಲ್ಲಿ ಕಲ್ಲಿಗೆ ತಾಗಿದ ತಾಳು ಮತ್ತೆ ಮಣ್ಣಿಗೆ ಇಳಿಯುವ ಹೊತ್ತಿಗೆ ಒಂದು ಮೊಳ ದಾಟಿರುತ್ತದೆ. ಎಕರೆ ಲೆಕ್ಕದಲ್ಲಿ ಬಾಡಿಗೆ ಮಾತಾಡಿದರೆ ಓಡಿಸುವವರಿಗೆ ಅವಸರವಿರುತ್ತದೆ. ಕಲ್ಲು ಹೊಲಕ್ಕೆ ಗಂಟೆ ಲೆಕ್ಕವೇ ಮೇಲು, ಸ್ವಲ್ಪ ಹೆಚ್ಚು ಹಣ ಹೋದರೂ.

ಒಂದೇ ತಾಳು ತಪ್ಪಿದಾಗ

ಇದು ಸುಲಭ. ನಳಿಕೆಯನ್ನು ಕಳಚಿ ಊದಿ ನೋಡಿ. ಪ್ಲಾಸ್ಟಿಕ್ ನಳಿಕೆ ಬಿಸಿಲಿಗೆ ಗಡಸಾಗಿ ಮಡಿಕೆ ಬಿದ್ದಿದ್ದರೆ ಬದಲಿಸಿ. ತಾಳಿನ ಬಾಯಿಗೆ ಮಣ್ಣು ತುಂಬಿದ್ದರೆ ಅದಕ್ಕೆ ಮುಖ್ಯ ಕಾರಣ ನಿಂತಲ್ಲೇ ಕೂರಿಗೆ ಇಳಿಸಿದ್ದು ಅಥವಾ ಇಳಿಸಿಕೊಂಡೇ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದದ್ದು. ಟ್ರ್ಯಾಕ್ಟರ್ ಮುಂದೆ ಚಲಿಸುತ್ತಿರುವಾಗಲೇ ಕೂರಿಗೆ ಇಳಿಸಬೇಕು. ಕಲ್ಲು ಸಿಕ್ಕಿಕೊಂಡಾಗ ಹಿಂದಕ್ಕೆ ಎಳೆದು ಬಿಡಿಸುವ ಅಭ್ಯಾಸ ಅನೇಕರಿಗೆ ಇದೆ. ಆಗ ಕಲ್ಲು ಬಿಡುತ್ತದೆ, ಏಳೂ ಬಾಯಿ ಮುಚ್ಚುತ್ತದೆ. ಎತ್ತಿ ಬಿಡಿಸಿ, ಇಳಿದು ನೋಡಿ, ಆಮೇಲೆ ಮುಂದೆ ಹೋಗಿ.

ರಾಗಿಗೆ ಅಜೋಸ್ಪಿರಿಲಂ ಎಂಬ ಜೈವಿಕ ಗೊಬ್ಬರ ಲೇಪಿಸುವಾಗ ಬೆಲ್ಲದ ಪಾಕ ಬಳಸುತ್ತೇವೆ. ನೆರಳಲ್ಲಿ ಚೆನ್ನಾಗಿ ಆರಿಸದೆ ಪೆಟ್ಟಿಗೆಗೆ ಸುರಿದರೆ ಕಾಳು ಒಂದಕ್ಕೊಂದು ಅಂಟಿ ರೋಲರ್ ಮೇಲೆ ಕಮಾನು ಕಟ್ಟುತ್ತದೆ. ಕೆಳಗೆ ರೋಲರ್ ಬರಿದೇ ತಿರುಗುತ್ತಿರುತ್ತದೆ. ಮಳೆಗಾಲದ ತೇವಕ್ಕೆ ಗೊಬ್ಬರವೂ ಹೀಗೆಯೇ ಗಟ್ಟಿಯಾಗುತ್ತದೆ, ಸಂಜೆಯೇ ಗೊಬ್ಬರದ ಪೆಟ್ಟಿಗೆ ಬರಿದು ಮಾಡಿ ಒರೆಸಿಡಬೇಕು.

ಒಂದು ಸಾಲು ಮಾತ್ರ ಯಾವಾಗಲೂ ತೆಳುವಾಗಿ, ಮೇಲೆ ಮೇಲೆ ಬರುತ್ತಿದ್ದರೆ ಆ ತಾಳಿನ ಕುಳ, ಅಂದರೆ ತುದಿಯ ಕಬ್ಬಿಣದ ಮೊನೆ, ಸವೆದಿದೆ. ಕೂರಿಗೆಯನ್ನು ಸಿಮೆಂಟ್ ಕಣದ ಮೇಲೆ ಇಳಿಸಿ ಎಲ್ಲ ಕುಳಗಳ ತುದಿ ನೆಲ ಮುಟ್ಟುತ್ತಿವೆಯೇ ನೋಡಿ. ಬೆಣಚುಕಲ್ಲಿನ ಹೊಲದಲ್ಲಿ ಕುಳ ಸವೆಯುವುದು ನಂಬಲಾಗದಷ್ಟು ಬೇಗ. ತಿರುಗಿಸಿ ಹಾಕುವ ಎರಡು ಮೊನೆಯ ಕುಳವಾದರೆ ತಿರುಗಿಸಿ. ಕಲ್ಲಿನ ಹೊಡೆತಕ್ಕೆ ಮುರಿಯಲೆಂದೇ ಇಟ್ಟ ಬೋಲ್ಟು ಮುರಿದರೆ ಅದೇ ಬಗೆಯದನ್ನು ಹಾಕಿ. ಮತ್ತೆ ಮತ್ತೆ ಮುರಿಯುತ್ತದೆಂದು ಗಡಸು ಬೋಲ್ಟು ಹಾಕಿದರೆ ಮುಂದಿನ ಕಲ್ಲಿಗೆ ತಾಳೋ ಚೌಕಟ್ಟೋ ಹೋಗುತ್ತದೆ.

ಬೀಜದ ಪ್ರಮಾಣ: ಒಂದು ಗುಂಟೆಯ ಲೆಕ್ಕ

ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕು ಕಿಲೋ ರಾಗಿ ಎಂದರೆ ಗುಂಟೆಗೆ ನೂರು ಗ್ರಾಂ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರಿನ ಏಳು ತಾಳಿನ ಕೂರಿಗೆಯ ಅಗಲ 2.1 ಮೀಟರ್. ಒಂದು ಗುಂಟೆ ಬಿತ್ತಲು ಅದು ಸುಮಾರು 48 ಮೀಟರ್ ಓಡಬೇಕು, ಅಂದರೆ 40 ಸೆಂಟಿಮೀಟರ್ ವ್ಯಾಸದ ಚಕ್ರ 38 ಸುತ್ತು. ಕೂರಿಗೆಯನ್ನು ಎತ್ತಿ ನಿಲ್ಲಿಸಿ, ಪ್ರತಿ ನಳಿಕೆಗೆ ಒಂದೊಂದು ಚೀಲ ಕಟ್ಟಿ, ಕೈಯಿಂದ 38 ಸುತ್ತು ತಿರುಗಿಸಿ ತೂಗಿ. ಒಟ್ಟು ನೂರು ಗ್ರಾಂ, ಒಂದೊಂದು ಚೀಲದಲ್ಲಿ ಹದಿನಾಲ್ಕು ಗ್ರಾಂ ಆಸುಪಾಸು ಇರಬೇಕು. ಆಭರಣದ ತಕ್ಕಡಿ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಚೀಲ ಎಂಟು, ಇನ್ನೊಂದು ಇಪ್ಪತ್ತು ಬಂದರೆ ದೋಷ ಅಲ್ಲೇ ಸಿಕ್ಕಿತು; ಹೊಲಕ್ಕೆ ಇಳಿಯುವ ಮೊದಲೇ.

ಓರೆ ತಟ್ಟೆಯ ಗುಳಿಗಳಲ್ಲಿ ಒಂದೊಂದೇ ಕಾಳು ಎತ್ತಿ ಬಿಡುವ ಮುಸುಕಿನ ಜೋಳದ ಯಂತ್ರಕ್ಕೆ ಬೇರೆ ಪರೀಕ್ಷೆ. ಗಟ್ಟಿ ದಾರಿಯ ಮೇಲೆ ನಿಧಾನ ಓಡಿಸಿ, ಹತ್ತು ಮೀಟರಿನಲ್ಲಿ ಬಿದ್ದ ಕಾಳು ಎಣಿಸಿ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಎಂದರೆ 33 ಕಾಳು. ಜೋಡಿ ಕಾಳು ಬೀಳುತ್ತಿದ್ದರೆ ತಟ್ಟೆಯ ಗುಳಿ ಕಾಳಿಗಿಂತ ದೊಡ್ಡದು ಅಥವಾ ಬ್ರಷ್ ಸವೆದಿದೆ; ತಪ್ಪುತ್ತಿದ್ದರೆ ಗುಳಿ ಚಿಕ್ಕದು.

ಯಾವ ಕೂರಿಗೆ ಎಲ್ಲಿ ಗೆಲ್ಲುತ್ತದೆ

ಹೋಲಿಸುವಾಗ ರಾಗಿಗೂ ಮುಸುಕಿನ ಜೋಳಕ್ಕೂ ಒಂದೇ ಅಳತೆ ಹಿಡಿಯಬೇಡಿ. ಎಕರೆಗೆ ನಾಲ್ಕು ಕಿಲೋ ರಾಗಿ ಬಿತ್ತಿದಾಗ ಸಾಲಿನ ಒಂದು ಮೀಟರಿಗೆ ಸುಮಾರು ನೂರು ಕಾಳು ಬೀಳುತ್ತದೆ, ಕೊನೆಗೆ ನಮಗೆ ಬೇಕಾದದ್ದು ಹತ್ತು ಗಿಡ. ಆದ್ದರಿಂದ ರಾಗಿಯಲ್ಲಿ ಗಿಡ ಎಣಿಸಿ ಪ್ರಯೋಜನವಿಲ್ಲ, ಖಾಲಿ ಜಾಗವನ್ನು ಅಳೆಯಬೇಕು: ಹತ್ತು ಮೀಟರ್ ಸಾಲಿನಲ್ಲಿ ಗೇಣಿಗಿಂತ ದೊಡ್ಡ ಖಾಲಿಗಳ ಒಟ್ಟು ಉದ್ದ ಎಷ್ಟು ಎಂದು. ಅದಕ್ಕಿಂತ ಚಿಕ್ಕವನ್ನು ರಾಗಿ ಬುಡದಿಂದ ತೆಂಡೆಯೊಡೆದು ತಾನೇ ತುಂಬುತ್ತದೆ. ಜೋಳಕ್ಕೆ ಆ ಗುಣವಿಲ್ಲ, ಅಲ್ಲಿ ಗಿಡವನ್ನೇ ಎಣಿಸಬೇಕು. ಎರಡು ಕೂರಿಗೆಗಳನ್ನು ಹೋಲಿಸುವುದಾದರೆ ಹೊಲದ ಅರ್ಧಕ್ಕೊಂದು ಹಚ್ಚಬೇಡಿ. ಕಲ್ಲು ಒಂದು ಮಗ್ಗುಲಲ್ಲೇ ಹೆಚ್ಚಿರುತ್ತದೆ. ಒಂದು ಪಟ್ಟಿ ಇದು, ಒಂದು ಪಟ್ಟಿ ಅದು, ಒಂದೇ ಬೀಜ, ಒಂದೇ ದಿನ.

ಎತ್ತಿನ ಕೂರಿಗೆಯನ್ನು ಹಳೆಯದೆಂದು ಬದಿಗಿಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಅದರ ಬೀಜ ಚಕ್ರದ ಮೇಲೆ ನಿಂತಿಲ್ಲ, ಬಟ್ಟಲಿಗೆ ಬೀಜ ಬಿಡುವ ಕೈಯ ಮೇಲೆ ನಿಂತಿದೆ. ಕಲ್ಲು ತಾಗಿದ್ದು ಮೇಣಿ ಹಿಡಿದವರ ಕೈಗೆ ಆ ಕ್ಷಣವೇ ತಿಳಿಯುತ್ತದೆ, ಎತ್ತು ನಿಲ್ಲುತ್ತದೆ, ಬಿತ್ತುವವರ ಕೈಯೂ ನಿಲ್ಲುತ್ತದೆ. ತಲೆಗಾತ್ರದ ಕಲ್ಲಿರುವ ರಾಗಿ ಹೊಲದಲ್ಲಿ, ನುರಿತ ಕೈ ಸಿಕ್ಕಿದರೆ, ಅದಕ್ಕೆ ಸಾಟಿಯಿಲ್ಲ. ರಾಗಿಯ ನಡುನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡುವುದೂ ಅದರಲ್ಲಿ ಸಲೀಸು. ಆದರೆ ಎತ್ತು ಕಡಿಮೆಯಾಗಿವೆ, ಆ ಕೈಗಳೂ ವಯಸ್ಸಾಗುತ್ತಿವೆ.

ಮುಷ್ಟಿ ಗಾತ್ರದ ಕಲ್ಲಿನವರೆಗೆ ಸ್ಪ್ರಿಂಗ್ ಇರುವ ತಾಳಿನ, ಕಿರಿದಾದ ಮೊನೆಯ ಟ್ರ್ಯಾಕ್ಟರ್ ಕೂರಿಗೆ ನನ್ನ ಆಯ್ಕೆ. ಕಲ್ಲಿಗೆ ತಾಗಿದ ತಾಳು ಒಂದೇ ಹಿಂದೆ ಸರಿದು ದಾಟುತ್ತದೆ, ಉಳಿದ ಆರು ತಮ್ಮ ಕೆಲಸ ಬಿಡುವುದಿಲ್ಲ. ಸ್ಪ್ರಿಂಗ್ ಇಲ್ಲದ ಬಿಗಿ ತಾಳಾದರೆ ಇಡೀ ಚೌಕಟ್ಟೇ ಏಳುತ್ತದೆ. ತಟ್ಟೆ ಕುಳದ ಯಂತ್ರ ಕಲ್ಲಿನ ಮೇಲೆ ಉರುಳಿ ದಾಟುತ್ತದೆ, ಏನೂ ಮುರಿಯುವುದಿಲ್ಲ. ಆದರೆ ದಾಟುವಾಗ ಬೀಜ ನೆಲದ ಮೇಲೆಯೇ ಬೀಳುತ್ತದೆ, ಗಟ್ಟಿ ನೆಲಕ್ಕೆ ಇಳಿಯುವುದೂ ಇಲ್ಲ. ಗಾಳಿಯೊತ್ತಡದ ಬೆಲೆಬಾಳುವ ಯಂತ್ರಗಳನ್ನು ಕಲ್ಲು ಆರಿಸದ ಹೊಲಕ್ಕೆ ಇಳಿಸುವುದು ಹಣ ಹಾಳು. ಕೊಳ್ಳುವ ಮೊದಲು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದು ನಿಮ್ಮದೇ ಹೊಲದಲ್ಲಿ ನೋಡಿ. ಸುತ್ತೂರಿನ ಅಥವಾ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಹೊಂದಿಸುವ ಬಗೆ ಹೇಳಿಕೊಡುತ್ತಾರೆ.

ಕಲ್ಲಿಗೆ ಏನು ಮಾಡುವುದು

ಕಲ್ಲು ಹೊಲದಲ್ಲಿ ಬೆಳೆಯುತ್ತದೆ ಎಂಬ ಮಾತಿದೆ. ಚಳಿಯ ದೇಶಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಕಲ್ಲನ್ನು ಮೇಲೆತ್ತುವುದುಂಟು. ನಮ್ಮಲ್ಲಿ ಕಲ್ಲು ಏಳುವುದಿಲ್ಲ, ಮಣ್ಣು ಇಳಿಯುತ್ತದೆ. ಮಳೆ ನೀರು ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಗ್ರಾನೈಟ್ ಮತ್ತು ನೈಸ್ ಶಿಲೆಯ ಸೀಳುಗಳಲ್ಲಿದ್ದ ಬಿಳಿ ಬೆಣಚುಕಲ್ಲು ಕರಗದೆ ಉಳಿಯುತ್ತದೆ. ಆಳದ ಉಳುಮೆ ಕೆಳಗಿನ ಕಲ್ಲನ್ನೂ ಮೇಲೆ ತರುತ್ತದೆ. ಹಾಗಾಗಿ ಬದು ಹಾಕದೆ ಕಲ್ಲು ಆರಿಸುತ್ತಾ ಹೋದರೆ ಆರಿಸುವುದು ಮುಗಿಯುವುದೇ ಇಲ್ಲ. ಆರಿಸಿದ ಕಲ್ಲನ್ನೇ ಇಳಿಜಾರಿಗೆ ಅಡ್ಡಲಾಗಿ ಬದುವಿಗೆ ಜೋಡಿಸಿ. ಹೊಲದ ನಡುವೆ ಗುಡ್ಡೆ ಹಾಕಿದರೆ ಜಾಗವೂ ಹೋಯಿತು, ಹಾವಿಗೆ ಮನೆಯೂ ಆಯಿತು.

ಭರಣಿ, ಕೃತ್ತಿಕೆ ಮಳೆಗೆ ಮೊದಲ ಉಳುಮೆ ಮಾಡಿ, ಮತ್ತೊಂದು ಮಳೆ ಕಲ್ಲಿನ ಮೇಲಿನ ಮಣ್ಣನ್ನು ತೊಳೆದ ಮೇಲೆ ಆರಿಸಿದರೆ ಕಲ್ಲು ಕಣ್ಣಿಗೆ ಕಾಣುತ್ತದೆ. ಮುಷ್ಟಿಗಿಂತ ದೊಡ್ಡದನ್ನು ತೆಗೆಯಿರಿ, ಚಿಕ್ಕದನ್ನು ಬಿಡಿ. ಸಣ್ಣ ಹರಳು ಮೇಲ್ಮಣ್ಣಿನ ತೇವ ಆರದಂತೆ ಕಾಯುತ್ತದೆ, ಮಳೆ ಹನಿಯ ಹೊಡೆತವನ್ನೂ ತಡೆಯುತ್ತದೆ. ಅದನ್ನೆಲ್ಲ ಬಾಚಿ ಹಾಕುವುದು ಹೊಲಕ್ಕೆ ಕೇಡು. ಹೂತ ಬಂಡೆ ಒಂದು ಮೊಳದಷ್ಟಿದ್ದರೆ ಹಾರೆ ಸಾಕು. ಅದಕ್ಕಿಂತ ದೊಡ್ಡದಿದ್ದರೆ ಸುತ್ತಲಿನ ಜಮೀನಿನವರು ಸೇರಿ ಒಂದೇ ದಿನ ಜೆಸಿಬಿ ತರಿಸಿಕೊಳ್ಳುವುದು ಅಗ್ಗ. ತೆಗೆಯಲಾಗದ ಬಂಡೆಗೆ ಎತ್ತರದ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಬಾಡಿಗೆ ಟ್ರ್ಯಾಕ್ಟರಿನವರಿಗೆ ನಿಮ್ಮ ಹೊಲದ ಬಂಡೆ ಗೊತ್ತಿರುವುದಿಲ್ಲ.

ಈಗಾಗಲೇ ಸಾಲು ತಪ್ಪಿದ್ದರೆ

ರಾಗಿಯಲ್ಲಿ ಒತ್ತಾಗಿ ಬಂದ ಕಡೆಯ ಪೈರನ್ನು ಕಿತ್ತು ಖಾಲಿ ಜಾಗಕ್ಕೆ ನೆಡಬಹುದು, ಬಿತ್ತಿದ ಮೂರು ವಾರದೊಳಗೆ, ಮಳೆ ಬಿದ್ದ ಮರುದಿನ ಅಥವಾ ಮೋಡವಿರುವ ಸಂಜೆ. ಪೂರ್ತಿ ಸಾಲು ಹೋಗಿದ್ದರೂ ಮಳೆ ಕೈಹಿಡಿದರೆ ಇದು ಸಾಧ್ಯ, ಒಂದು ಎಕರೆಗೆ ನಾಲ್ಕಾರು ಆಳಿನ ಕೆಲಸ. ಮುಸುಕಿನ ಜೋಳದಲ್ಲಿ ಹತ್ತು ದಿನ ದಾಟಿದ ಮೇಲೆ ಕಾಳು ಊರಬೇಡಿ. ತಡವಾಗಿ ಹುಟ್ಟಿದ ಗಿಡ ಅಕ್ಕಪಕ್ಕದವುಗಳ ನೆರಳಿಗೆ ಸಿಕ್ಕಿ ತೆನೆ ಕಟ್ಟುವುದಿಲ್ಲ, ಗೊಬ್ಬರ ಮಾತ್ರ ತಿನ್ನುತ್ತದೆ. ಆ ಜಾಗಕ್ಕೆ ಅಲಸಂದೆ ಅಥವಾ ಅವರೆ ಊರಿ, ಜೋಳದ ದಂಟಿಗೆ ಹಬ್ಬಿಕೊಂಡು ಮನೆಗೆ ಬೇಕಾಗುವಷ್ಟು ಕಾಯಿ ಕೊಡುತ್ತದೆ.